ಬಂಗಾರದ ಶಾಯಿಯಲ್ಲಿ ಒಂದು ಹೆಸರು

ಶಹಾಪುರದ ಶಾಲೆಯೊಂದರಲ್ಲಿ ನಾನು ಡ್ರಾಯಿಂಗ್ ಟೀಚರ್. ಅಕ್ಷರ ಚೆಂದ ಬರೆಯುತ್ತೇನೆಂಬ ಜಂಬ ನನಗಿದೆ, ಅದನ್ನು ಮುಚ್ಚಿಡುವುದಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡಲು ಆಗುವುದೂ ಇಲ್ಲ. ಮಿನುಗುವ ಶಾಯಿಯ ಹುಚ್ಚು ಹಿಡಿದಾಗ ನಾನು ಮೊದಲು ಮಾಡಿದ ಘನಕಾರ್ಯವೆಂದರೆ ಅದನ್ನು ನನ್ನ ಒಳ್ಳೆಯ ಪೆನ್ನಿಗೆ ತುಂಬಿದ್ದು. ಶಾಯಿಯೊಳಗಿನ ಬಂಗಾರದ ಬಣ್ಣದ ಪುಡಿ ಗಂಟಲಲ್ಲಿ ಸಿಕ್ಕಿಕೊಂಡು ಮೂರೇ ದಿನಕ್ಕೆ ಪೆನ್ನು ಬಾಯಿ ಮುಚ್ಚಿತು. ಆಮೇಲೆ ಬುದ್ಧಿ ಬಂದು, ಅದ್ದಿ ಬರೆಯುವ ನಿಬ್ಬು ತರಿಸಿಕೊಂಡೆ.

ಅದೇ ವರ್ಷ ನನ್ನ ತಂಗಿಯ ಮದುವೆ ಸುರಪುರದ ಮನೆತನದಲ್ಲಿ ನಿಕ್ಕಿಯಾಯಿತು. ಲಗ್ನಪತ್ರಿಕೆಯ ಲಕೋಟೆಗಳ ಮೇಲೆಲ್ಲ ನಾನೇ ಕೂತು ಬಂಗಾರದ ಶಾಯಿಯಲ್ಲಿ ಹೆಸರು ಬರೆದೆ. ಒಂದು ಸಂಜೆ ತಂಗಿಯ ಅತ್ತೆಯಾಗುವವರು, ನಮ್ಮ ಬೀಗತಿ, ಫೋನ್ ಮಾಡಿದರು.

"ಅಕ್ಕೋರ, ಮಂಟಪದ ಬಾಗಲಾಗ ಇಡಾಕ ಸೊಸಿ ಹೆಸರಿಂದೊಂದು ಹಲಗಿ ಬೇಕಾಗ್ಯದ್ರಿ. ಅದು ನಿಮ್ಮ ಕೈಲೇ ಆಗಬೇಕು ನೋಡ್ರಿ."

ಉಬ್ಬಿಹೋಗಿ ಹೂಂ ಎಂದುಬಿಟ್ಟೆ. ಆಮೇಲೆ ಅವರು ಬರೆಯಬೇಕಾದ ಹೆಸರು ಹೇಳಿದರು. ಅದು ತಂಗಿಯ ಹೆಸರಾಗಿರಲಿಲ್ಲ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ. ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ತಂಗಿಗೆ ಹೆಸರಿಟ್ಟವಳು ನಾನು. ಅವಳು ಹುಟ್ಟಿದಾಗ ನನಗೆ ಏಳು ವರ್ಷ. ಊಟ ಬಿಟ್ಟು ಹಟ ಹಿಡಿದು, ಒಂದನೇ ಇಯತ್ತೆಯ ನನ್ನ ಗೆಳತಿಯ ಹೆಸರನ್ನೇ ಇಡಿಸಿದ್ದೆ. ಈಗ ಅದನ್ನು ಅಳಿಸುವ ಹಲಗೆಯನ್ನೂ ನಾನೇ ಬರೆಯಬೇಕೆಂದರೆ ಮೈ ಉರಿಯದೆ ಇದ್ದೀತೆ?

ತಂಗಿಗೆ ಹೇಳಿದೆ. "ಯಾರರ ಆ ಹೆಸರ್ಲೆ ಕರದ್ರ ನಾ ಹೊಳ್ಳಿ ಸುದ್ದಾ ನೋಡಂಗಿಲ್ಲ ನೋಡಕ್ಕಾ," ಎಂದು ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಳು. ಅಪ್ಪನದು ಒಂದೇ ಮಾತು: "ಅದು ಅವರ ಮನಿ ಪದ್ಧತಿ. ನೀ ನಡಬರಕ ಬಾಯಿ ಹಾಕಬ್ಯಾಡ."

ಬಾಯಿ ಹಾಕಬೇಕೆಂದೇ ನಿರ್ಧರಿಸಿದೆ. ಬರೆದ ಹಲಗೆಯನ್ನು ಬಸ್ಸಿನಲ್ಲಿ ತಂದರೆ ಶಾಯಿ ಉಜ್ಜಿಹೋಗುತ್ತದೆ, ನಿಮ್ಮ ಮನೆಗೇ ಬಂದು ಬರೆಯುತ್ತೇನೆ ಎಂದು ಬೀಗತಿಗೆ ಸುಳ್ಳು ಹೇಳಿ, ಭಾನುವಾರ ಕರಿ ಹಲಗೆ, ಶಾಯಿ, ನಿಬ್ಬು ಕಟ್ಟಿಕೊಂಡು ಸುರಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೀಗತಿಯ ಜೊತೆ ಜಗಳವಾಡಿದೆ. ಪ್ರತಿ ಸಲವೂ ನಾನೇ ಗೆದ್ದೆ.

ಅವರು ಬಾಗಿಲಲ್ಲೇ ಕಾಯುತ್ತಿದ್ದರು. ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ, ಮೇಲೆ ಚಹಾ. ಅಷ್ಟು ಪ್ರೀತಿಯಿಂದ ತಿನ್ನಿಸಿದವರ ಮೇಲೆ ಹರಿಹಾಯುವುದು ಹೇಗೆ? ನನ್ನ ಜಗಳವೆಲ್ಲ ಸುಸಲಾದ ಜೊತೆಗೇ ಒಳಗೆ ಹೋಯಿತು. ಸಪ್ಪೆ ಮುಖ ಮಾಡಿಕೊಂಡು ಹಲಗೆ ಬಿಚ್ಚಿದೆ.

ಬೀಗತಿ ಪಕ್ಕದಲ್ಲೇ ಕೂತರು. ಪುಡಿ ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಅಲುಗಾಡಿಸಬೇಕು ಎಂದೆ. ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮಜ್ಜಿಗೆ ಕಡೆಯುವವರ ಶ್ರದ್ಧೆಯಿಂದ ಅಲುಗಾಡಿಸಿದರು. "ಬಂಗಾರದ ಬಣ್ಣಾ ಬಳಸೋದು ನಮ್ಮ ಸುರಪುರದವ್ರಿಗಿ ಹೊಸಾದಲ್ಲ ಬಿಡ್ರಿ. ನಮ್ಮೂರ ಹಳೀ ಚಿತ್ರಾ ನೋಡಿಲ್ಲೇನು?" ಎಂದು ನನ್ನ ಜಂಬವನ್ನೂ ಒಂದಿಷ್ಟು ಇಳಿಸಿದರು.

ನಿಬ್ಬು ಹೇಗೆ ಓಡುತ್ತದೆಂದು ನೋಡಲು ಕರಿ ಕಾಗದದ ಚೂರೊಂದನ್ನು ತೆಗೆದುಕೊಂಡೆ. "ಅಮ್ಮಾರ, ಯಾವುದರ ಒಂದು ಹೆಸರು ಹೇಳ್ರಿ. ಬರದು ನೋಡತೀನಿ."

ಸ್ವಲ್ಪ ತಡೆದು ಒಂದು ಹೆಸರು ಹೇಳಿದರು. ಮೂರಕ್ಷರ, ನಡುವೆ ಒಂದು ಒತ್ತು. ಬರೆದೆ. ಹಸಿಯಿದ್ದಾಗ ಈ ಶಾಯಿ ಕೆಸರಿನ ಹಾಗೆ ಕಾಣುತ್ತದೆ. "ಇಷ್ಟೇ ಏನ್ರಿ?" ಎಂದು ಮುಖ ಸಣ್ಣದು ಮಾಡಿದರು. ಆರಲಿ ತಡೀರಿ ಎಂದೆ. ಆರುತ್ತ ಬಂದಂತೆ ಒಂದೊಂದೇ ತಲೆಕಟ್ಟು ಹೊಳೆಯತೊಡಗಿತು. ಅವರು ಚೂರನ್ನು ಬಾಗಿಲ ಬೆಳಕಿಗೆ ಹಿಡಿದು, ಹಾಗೊಮ್ಮೆ ಹೀಗೊಮ್ಮೆ ಓರೆ ಮಾಡಿ ನೋಡಿದರು. ಕೆಳಗಿಡಲೇ ಇಲ್ಲ.

ಅಷ್ಟರಲ್ಲಿ ಅವರ ಯಜಮಾನರು ಊಟಕ್ಕೆಂದು ಅಂಗಡಿಯಿಂದ ಬಂದರು. ಚೂರನ್ನು ಇಸಿದುಕೊಂಡು, ಚಾಳೀಸು ಮೂಗಿಗೇರಿಸಿ, ಗಟ್ಟಿಯಾಗಿ ಓದಿದರು.

"ಛಲೋ ಬಂದದ. ಯಾರ ಹೆಸರಿದು? ಬೀಗರ ಪೈಕೇನು?"

"ನಂದ್ರಿ," ಎಂದರು ಬೀಗತಿ.

ಯಜಮಾನರು ನಕ್ಕರು. "ನಿಂದೆಲ್ಲಿಂದು?"

"ನಮ್ಮಪ್ಪ ಇಟ್ಟದ್ದು."

ನಗು ಅಲ್ಲಿಗೇ ನಿಂತಿತು. "ಖರೇನ ಮರ್ತೇ ಹೋಗಿತ್ತು ನೋಡು," ಎಂದು ಮೆಲ್ಲಗೆ ಹೇಳಿ, ಹೆಂಡತಿಯ ಮುಖ ನೋಡಿದರು. ಒಳ್ಳೆಯ ಮನುಷ್ಯ, ನಾಚಿಕೆ ಅವರ ಕಿವಿಯವರೆಗೂ ಏರಿದ್ದು ಕಂಡಿತು. ಬೀಗತಿಗೆ ಸಿಟ್ಟೇನೂ ಬಂದಂತಿರಲಿಲ್ಲ. ಚೂರನ್ನು ಗಂಡನ ಕೈಯಿಂದ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಬಸ್ಸಿನಲ್ಲಿ ನಾನು ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನನಗೆ ನೆನಪಾಗಲಿಲ್ಲ. ಕೈಚಾಚಿ ಅವರ ಕೈ ಹಿಡಿದುಕೊಳ್ಳಬೇಕು ಅನಿಸಿತು, ಬೀಗತಿಯಲ್ಲವೇ ಎಂದು ಸಂಕೋಚಪಟ್ಟೆ.

ಕೊನೆಗೆ ಅವರೇ ಕರಿ ಹಲಗೆಯನ್ನು ನನ್ನ ಮುಂದೆ ಸರಿಸಿದರು.

"ಅಕ್ಕೋರ, ಹುಡುಗಿ ಹೆಸರು ಏನದ, ಅದನ್ನೇ ಬರೀರಿ."

"ಮತ್ತ ನಾವು ಇಟ್ಟದ್ದು?" ಎಂದರು ಯಜಮಾನರು.

"ಹೆಸರು ಕಳಕೊಂಡಾಕಿ ಈ ಮನ್ಯಾಗ ನಾ ಒಬ್ಬಾಕಿ ಸಾಕ್ರಿ."

ತಂಗಿಯ ಹೆಸರನ್ನು ಅವಳ ಪುಸ್ತಕಗಳ ಮೇಲೆ, ಸ್ಲೇಟಿನ ಮೇಲೆ ಅದೆಷ್ಟು ಸಲ ಬರೆದುಕೊಟ್ಟಿದ್ದೆನೋ. ಆ ದಿನ ಮೊದಲ ಅಕ್ಷರಕ್ಕೇ ಕಣ್ಣು ಮಂಜಾಗಿ ನಿಬ್ಬು ಕೆಳಗಿಟ್ಟೆ. ಬೀಗತಿ ಅದನ್ನು ನೋಡಿಯೂ ನೋಡದವರಂತೆ, ಶಾಯಿಯ ಬಾಟಲಿಯನ್ನು ಮತ್ತೆ ಅಲುಗಾಡಿಸುತ್ತ ಕೂತರು.