ವೈನಿ ಮತ್ತು ಬೂಸ್ಟ್ ಗುಂಡಿ

ಹೋದ ವಾರ ಬೆಳಿಗ್ಗೆ ಅಡುಗೆಮನೆಯಿಂದ ಮಿಕ್ಸರಿನ ಸುಟ್ಟ ವಾಸನೆ ಬಂತು. ಶೇಂಗಾ ಚಟ್ನಿಗೆಂದು ಹೆಂಡತಿ ಅದನ್ನು ನೇರವಾಗಿ ಮೂರನೇ ನಂಬರಿಗೆ ತಿರುಗಿಸಿದ್ದಳು. ಕೂತಲ್ಲಿಂದಲೇ ನಾನು, "ಮೂರಕ್ಕ ಇಡಬ್ಯಾಡ, ಇಂಜಿನ್ ಅಳಾಕತ್ತದ" ಎಂದೆ. "ಮಿಕ್ಸರಿಗಿ ಎಲ್ಲೀ ಇಂಜಿನ್ ರೀ?" ಎಂದು ಅವಳು ನಕ್ಕಾಗ ಹೊಳೆಯಿತು, ಅದು ನನ್ನ ಮಾತಲ್ಲ, ವೈನಿಯದು. ಆಮೇಲೆ ಚಟ್ನಿ ರುಚಿಸಲಿಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತಿದು. ಆಗ ನಾವೆಲ್ಲ ಕಲಬುರಗಿಯ ಗಾಜಿಪುರದಲ್ಲಿ ಒಂದೇ ಮನೆಯಲ್ಲಿದ್ದೆವು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅಣ್ಣ ಪ್ರಶ್ನೆಪತ್ರಿಕೆ ಟೈಪು ಮಾಡಲೆಂದು ಕಂಪ್ಯೂಟರ್ ತಂದಿದ್ದ. ನಾನೋ ಬಿ.ಎಸ್ಸಿ. ಮುಗಿಸಿ, ಅರ್ಜಿ ಹಾಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ಇಪ್ಪತ್ತನಾಲ್ಕರ ಗಂಡಸು. ಅಣ್ಣ ಮನೆ ಬಿಟ್ಟನೆಂದರೆ ಕಂಪ್ಯೂಟರ್ ನನ್ನದು. ಅದರಲ್ಲಿ ಹಳೆಯ ಮಹಾಯುದ್ಧದ ಕಾಲದ ಯುದ್ಧವಿಮಾನ ಹಾರಿಸುವ ಆಟವೊಂದನ್ನು ಹಾಕಿಸಿಕೊಂಡಿದ್ದೆ.

ಬರೀ ಗುಂಡು ಹಾರಿಸುವ ಆಟ ಎಂದುಕೊಳ್ಳಬೇಡಿ. ವೇಗ, ಎತ್ತರ, ಇಂಜಿನ್ನಿನ ಶಾಖ ಎಲ್ಲವನ್ನೂ ಸಂಭಾಳಿಸಬೇಕು. ಬೂಸ್ಟ್ ಗುಂಡಿ ಒತ್ತಿದರೆ ಇಂಜಿನ್ನಿಗೆ ಮಾಮೂಲಿಗಿಂತ ಹೆಚ್ಚು ಬಲ ಬರುತ್ತದೆ. ಐದು ನಿಮಿಷ ದಾಟಿದರೆ ಅದೇ ಬಲ ಇಂಜಿನ್ನನ್ನು ಸುಡುತ್ತದೆ. ನಾನು ಒತ್ತಿದವನು ಬಿಡುತ್ತಲೇ ಇರಲಿಲ್ಲ. ದಿನಕ್ಕೆ ನಾಲ್ಕು ವಿಮಾನವನ್ನಾದರೂ ಸುಟ್ಟು, ಆಟವೇ ಸರಿಯಿಲ್ಲ ಎಂದು ಗೊಣಗುತ್ತಿದ್ದೆ.

ಒಂದು ಮಧ್ಯಾಹ್ನ ವೈನಿ ಪಕ್ಕದಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ತಲೆ ಎತ್ತದೆಯೇ, "ಭಾವೂಜಿ, ನಿಮ್ಮ ಇಂಜಿನ್ ಅಳಾಕತ್ತದ ನೋಡ್ರಿ" ಎಂದರು. ಮೈದುನನಾದ ನನ್ನನ್ನು ಅವರು ಕರೆಯುತ್ತಿದ್ದದ್ದು ಭಾವೂಜಿ ಎಂದೇ. ನಾನು ನಕ್ಕೆ. ಅರ್ಧ ನಿಮಿಷಕ್ಕೆ ಹೊಗೆ ಬಂತು.

ಅವರ ತವರು ಕಮಲಾಪುರ. ಅಪ್ಪನದು ಹಿಟ್ಟಿನ ಗಿರಣಿ, ಡೀಸೆಲ್ ಇಂಜಿನ್ನಿನದು. ಮದುವೆಯಾಗುವವರೆಗೂ ಅದನ್ನು ನಡೆಸಿದವರು ಇವರೇ. ಸಪ್ಪಳ ಕುಗ್ಗಿದರೆ ಜೋಳ ಬಿಡುವುದನ್ನು ಕಡಿಮೆ ಮಾಡಬೇಕು, ಇಂಜಿನ್ ತಣಿಸುವ ಪೀಪಾಯಿಯ ನೀರು ಮುಟ್ಟಿ ಶಾಖ ನೋಡಬೇಕು. ನಮ್ಮ ಮನೆಗೆ ಬಂದು ಎಂಟು ವರ್ಷವಾದರೂ ಇದನ್ನು ಯಾರೂ ಅವರಿಂದ ಕೇಳಿರಲಿಲ್ಲ. ನಾವು ಕೇಳುತ್ತಿದ್ದದ್ದು ಚಹಾ ಮಾತ್ರ.

ಅಂದಿನಿಂದ ನಮ್ಮ ಜೋಡಿ ಕುದುರಿತು. ವಿಮಾನ ತಿರುಗಿಸುವ ಕೋಲು ನನ್ನ ಕೈಯಲ್ಲಿ. ಬೂಸ್ಟು, ಥ್ರಾಟಲು, ಶಾಖ-ಎತ್ತರ ತೋರಿಸುವ ಮುಳ್ಳುಗಳನ್ನು ನೋಡುವುದು ಅವರ ಪಾಲಿಗೆ. ಶತ್ರು ಬೆನ್ನಟ್ಟಿದಾಗ ನಾನು "ಬೂಸ್ಟ್, ವೈನಿ" ಎಂದು ಅವಸರಿಸಿದರೆ ಅವರು ಕೊಡುತ್ತಿರಲಿಲ್ಲ. "ನೀರು ಕಾದಾವ, ತಡೀರಿ. ಮೂಗು ಕೆಳಗ ಮಾಡ್ರಿ, ವ್ಯಾಗ ತಾನ ಬರ್ತದ. ಮ್ಯಾಲ ಏರಿದ್ದು ಮತ್ತ್ಯಾಕ?" ಎನ್ನುತ್ತಿದ್ದರು. ಹಾಗೇ ಆಗುತ್ತಿತ್ತು. ಎತ್ತರವನ್ನು ಬಿಟ್ಟುಕೊಟ್ಟು ವೇಗ ಪಡೆಯುವುದನ್ನು ನಾನು ಕಲಿತದ್ದು ಅವರಿಂದ.

ತಪ್ಪು ಮಾಡುತ್ತಿರಲಿಲ್ಲವೆಂದಲ್ಲ. ಗಿರಣಿಯನ್ನು ಒಮ್ಮೆಲೇ ನಿಲ್ಲಿಸಬಾರದು, ಕಲ್ಲಿನೊಳಗಿನ ಹಿಟ್ಟು ಹೋಗುವ ತನಕ ಖಾಲಿ ಓಡಿಸಬೇಕು ಎಂಬುದು ಅವರ ಮನೆಯ ಕಟ್ಟಳೆ. ಆದ್ದರಿಂದ ವಿಮಾನ ನೆಲ ಮುಟ್ಟಿದ ಮೇಲೂ ಇಂಜಿನ್ನನ್ನು ಒಂದಿಷ್ಟು ಓಡಿಸುತ್ತಿದ್ದರು. ವಿಮಾನ ರನ್‌ವೇ ದಾಟಿ ಗಿಡಗಳಿಗೆ ಹೋಗಿ ಗುದ್ದುತ್ತಿತ್ತು. "ಹಿಟ್ಟು ಉಳೀಬಾರದಲ್ರಿ" ಎಂದು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅವರು ಹಾಗೆ ನಗುವುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಅಷ್ಟರಲ್ಲಿ ಬ್ರಹ್ಮಪುರದ ಕಂಪ್ಯೂಟರ್ ಅಂಗಡಿಯೊಂದು ಅದೇ ಆಟದ ಸ್ಪರ್ಧೆ ಇಟ್ಟಿತು. ಒಂದು ವಿಮಾನಕ್ಕೆ ಇಬ್ಬರ ಜೋಡಿ, ಹತ್ತು ನಿಮಿಷದ ಕಾಳಗ. ವೈನಿಗೆ ಹೇಳಿದೆ. ಕೈಯಲ್ಲಿದ್ದ ಮೊರ ಕೆಳಗಿಟ್ಟು, "ನಾ ಬಂದ್ರ ನಡೀತದೇನ್ರಿ?" ಎಂದರು. "ಯಾಕ ನಡಿಯಂಗಿಲ್ಲ?" ಎಂದೆ. ಆ ಇಡೀ ವಾರ ಅವರು ಮನೆಗೆಲಸವನ್ನು ಬೇಗ ಮುಗಿಸಿ ಅಭ್ಯಾಸಕ್ಕೆ ಕೂತರು.

ಸ್ಪರ್ಧೆಯ ಹಿಂದಿನ ದಿನ ಗೆಳೆಯ ಮಲ್ಲುವಿನ ಮುಂದೆ ಈ ವಿಷಯ ಬಾಯಿಬಿಟ್ಟೆ. "ವೈನಿನ್ನ ಕರ್ಕೊಂಡು ಬರ್ತೀಯೇನೋ? ಹುಡುಗೂರೆಲ್ಲ ನಗ್ತಾವ" ಎಂದ. ಅಷ್ಟೇ ಸಾಕಾಯಿತು ನೋಡಿ ನನಗೆ. ಆಕಾಶದಲ್ಲಿ ಯಾರಿಗೂ ಹೆದರದ ಶೂರ, ಬ್ರಹ್ಮಪುರದ ಒಂದು ಅಂಗಡಿಯ ನಗೆಗೆ ಹೆದರಿದೆ. ಮನೆಗೆ ಬಂದು, "ಸ್ಪರ್ಧಾ ರದ್ದಾಗ್ಯದ ವೈನಿ, ಕರೆಂಟ್ ಇಲ್ಲಂತ" ಎಂದೆ. "ಹೌದೇನು" ಎಂದರು. ಮರುದಿನ ಇಸ್ತ್ರಿ ಅಂಗಿ ತೊಟ್ಟು, ಮಲ್ಲುವನ್ನು ಜೋಡಿ ಮಾಡಿಕೊಂಡು ಹೋದೆ.

ನಾನು ಬೂಸ್ಟ್ ಎಂದಾಗಲೆಲ್ಲ ಮಲ್ಲು ಕೊಟ್ಟ. ನನಗೆ ಹಿತವಾಗಿತ್ತು. ಆರನೇ ನಿಮಿಷಕ್ಕೆ ಇಂಜಿನ್ ಸುಟ್ಟು ಬಿದ್ದೆವು. ಹುಡುಗರು ಹೇಗೂ ನಕ್ಕರು.

ಮನೆಗೆ ಬಂದಾಗ ವೈನಿ ಎಂದಿನಂತೆ ರೊಟ್ಟಿ ಬಡಿಸಿದರು. ಮರುದಿನ ಕಂಪ್ಯೂಟರಿನ ಮುಂದೆ ಕೂರಲು ಬರಲಿಲ್ಲ. ಕರೆದರೆ, "ಕೆಲಸ ಅದ ಭಾವೂಜಿ" ಎಂದರು. ಆಮೇಲೆ ಎಂದೂ ಬರಲಿಲ್ಲ. ನನಗೆ ನೌಕರಿ ಸಿಕ್ಕಿತು, ಬೇರೆ ಮನೆ ಮಾಡಿದೆ. ಅವರ ಮುಂದೆ ಆ ದಿನದ ಮಾತೆತ್ತುವ ಧೈರ್ಯ ನನಗೆ ಬರಲೇ ಇಲ್ಲ. ಇದಕ್ಕೆ ನನ್ನ ಬಗ್ಗೆ ನನಗೇ ನಾಚಿಕೆಯಿದೆ.

ಅಣ್ಣ ನಿವೃತ್ತನಾದ ಮೇಲೆ ಅವರಿಬ್ಬರೂ ಕಮಲಾಪುರದಲ್ಲಿ ಮನೆ ಕಟ್ಟಿಸಿಕೊಂಡಿದ್ದಾರೆ. ಮಿಕ್ಸರಿನ ಪ್ರಸಂಗವಾದ ಮೇಲೆ ತಡೆಯಲಾರದೆ ಮೊನ್ನೆ ಭಾನುವಾರ ಬಸ್ಸು ಹತ್ತಿದೆ. ಮಹಾಗಾಂವ ದಾಟುವವರೆಗೂ ಮಾತು ಹೊಂದಿಸುತ್ತಿದ್ದೆ, ಆಮೇಲೆ ಹೊಂದಿಸಿದ್ದೂ ಮರೆಯಿತು. ಅಣ್ಣ ಸಂತೆಗೆ ಹೋಗಿದ್ದ. ವೈನಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಎದುರು ಕೂತು ಎಲ್ಲವನ್ನೂ ಹೇಳಿದೆ.

"ಗೊತ್ತಿತ್ರಿ" ಎಂದರು. "ಇಸ್ತ್ರಿ ಅಂಗಿ ಹಾಕ್ಕೊಂಡು ಯಾರರ ರದ್ದಾದ ಸ್ಪರ್ಧಾಕ್ಕ ಹೋಗ್ತಾರೇನು?"

"ತಪ್ಪಾತು ವೈನಿ."

ಅವರು ಒಂದೆರಡು ಬೀಜ ಬಿಡಿಸಿದರು. "ಇಂಜಿನ್ ಎಷ್ಟನೇ ನಿಮಿಷಕ್ಕ ಹೋತು?"

"ಆರಕ್ಕ."

"ನಾ ಮೂರಕ್ಕ ಬೂಸ್ಟ್ ಬಿಡಿಸಿ ಮೂಗು ಇಳಸ್ರಿ ಅಂತಿದ್ದೆ" ಎಂದರು. ಈಗ ಅವರ ಕೈ ನಿಂತಿತ್ತು. ಇಷ್ಟು ವರ್ಷ ಕೇಳಬೇಕೆಂದುಕೊಂಡದ್ದನ್ನು ಕೇಳುವವರಂತೆ ನನ್ನನ್ನೇ ನೋಡಿದರು. "ಆವಾಗ ಎತ್ತರ ಎಷ್ಟಿತ್ತು, ಭಾವೂಜಿ?"

ನನಗೆ ಗೊತ್ತಿರಲಿಲ್ಲ. ಮರೆತದ್ದಲ್ಲ, ಅಂದು ನಾನು ನೋಡಿಯೇ ಇರಲಿಲ್ಲ. ಅದನ್ನು ನೋಡುವ ಕೆಲಸ ಯಾವಾಗಲೂ ಅವರದಾಗಿತ್ತು.