ಯಾರಿಗೂ ಕಾಯದ ಗಾಡಿ

ಕಾರಣಗಳ ಸಾಲು ಎಷ್ಟೇ ಉದ್ದವಿರಲಿ, ಅದರ ತುದಿಯಲ್ಲಿ ಯಾರಿಗೂ ಕಾಯದವನೊಬ್ಬ ಇರಲೇಬೇಕು ಎಂದು ನನಗೆ ಮೊದಲು ಹೇಳಿದವರು ಕಾಲೇಜಿನ ತರ್ಕಶಾಸ್ತ್ರದ ಮೇಷ್ಟ್ರು. ಅವನನ್ನು ನಾನು ಖುದ್ದಾಗಿ ಹುಡುಕಿದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಪೇಟೆಯ ದಿನ. ಆಸ್ಪತ್ರೆಯಲ್ಲಿ ತಂಗಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ಹಾವೇರಿಯಿಂದ ತಂದ ರಕ್ತದ ಡಬ್ಬಿ ನನ್ನ ಮಡಿಲಲ್ಲಿತ್ತು, ಪೇಟೆಯ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡ ಆಟೋ ಮಾತ್ರ ಅಲುಗಾಡಲಿಲ್ಲ.

ಇಳಿದು ಮುಂದಿನ ಟ್ರ್ಯಾಕ್ಟರಿನವನನ್ನು ಕೇಳಿದೆ.

"ಮುಂದಿನಾಂವ ಸರದ್ರ ನಾನೂ ಸರೀತೇನ್ರಿ ಅಕ್ಕಾರ."

ಅವನ ಮುಂದಿನ ಲಾರಿಯವನದೂ ಅದೇ ಮಾತು. ಘಾಟಿಗೆ ಕೆಮ್ಮುತ್ತ, ಒಂದೊಂದೇ ಗಾಡಿ ಕೇಳುತ್ತ, ಪೇಟೆಯನ್ನು ಒಂದು ಸುತ್ತು ಬಂದೆ. ಕೊನೆಗೊಬ್ಬ ಟೆಂಪೋದವನು ರೇಗಿದ: "ನನಗೇನ್ ಹೇಳ್ತೀರಿ? ನನ್ನ ಮುಂದಿನ ಆ ಆಟೋದಾಂವಗ ಹೇಳ್ರಿ!"

ಅದು ನಮ್ಮದೇ ಆಟೋ; ಸಾಲು ಸುತ್ತಿ ನಮ್ಮ ಬೆನ್ನಿಗೇ ಬಂದು ನಿಂತಿತ್ತು. ನಮ್ಮ ಆಟೋದವನ ಬಳಿಗೆ ಓಡಿದೆ.

"ಅಣ್ಣಾರ, ಅಂಗಡಿ ಕಟ್ಟಿ ಮ್ಯಾಲ ಹತ್ತಸ್ರಿ!"

"ನಾನ ಯಾಕ್ರಿ ಮೊದಲು?"

"ಯಾರರೆ ಒಬ್ಬರು ಆಗಬೇಕಲ್ರಿ! ತಂಗಿ ಸಾಯಾಕತ್ತಾಳ!"

ಅಂಗಡಿಯವನ ಬೈಗುಳದ ನಡುವೆ ಆಟೋ ಕಟ್ಟೆ ಹತ್ತಿತು. ಟೆಂಪೋ ಸರಿಯಿತು, ಅದರ ಹಿಂದಿನದು ಸರಿಯಿತು, ಸುತ್ತಿ ಬಂದು ನಮ್ಮ ಮುಂದಿನ ಟ್ರ್ಯಾಕ್ಟರೂ ಸರಿಯಿತು. ರಕ್ತ ಹೊತ್ತಿಗೆ ತಲುಪಿತು, ತಂಗಿ ಉಳಿದಳು.

ಎಲ್ಲಕ್ಕೂ ಮೊದಲಿನವನೊಬ್ಬ ಇದ್ದಾನೋ ಇಲ್ಲವೋ, ನನಗಿನ್ನೂ ತಿಳಿಯದು. ಆದರೆ ಅವನು ಸರಿಯಲೆಂದು ಹಾರನ್ ಬಾರಿಸುತ್ತ ಕೂತವರು ಸಿಕ್ಕರೆ, ಮೊದಲು ಸರಿಯಬೇಕಾದ ಗಾಡಿ ಅವರದೇ ಇರಬಹುದು ಎಂದು ಹೇಳಿಬಿಡಿ.