ದರ್ಬೆಯ ಅರ್ಧ ಗಂಟೆ

ನನ್ನ ತೋಳು ಎರಡು ಇಂಚು ದಪ್ಪವಾದದ್ದು ನಿಜ. ಈಗ ಅದನ್ನು ಕನ್ನಡಿಯಲ್ಲಿ ನೋಡಿದರೆ ಸಿಟ್ಟು ಬರುತ್ತದೆ.

ದರ್ಬೆಯ ಜಿಮ್ಮಿನ ತರಬೇತುದಾರನನ್ನು ಅಣ್ಣನಂತೆ ನಂಬಿದ್ದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡುವವನು. ಹೋದ ವರ್ಷ ರಂಜಾನಿನಲ್ಲಿ ವ್ಯಾಯಾಮ ಮುಗಿಸಿ ಮನೆಗೇ ಹೋಗಿ ಉಪವಾಸ ಬಿಡುತ್ತೇನೆ ಎಂದಾಗ ತಡೆದ.

"ಅರ್ಧ ಗಂಟೆಯೊಳಗೆ ಪ್ರೋಟೀನ್ ಹೋಗ್ಬೇಕು ಮಾರಾಯ. ಇಲ್ಲದಿದ್ರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ."

ರಾಮಕುಂಜದ ನಮ್ಮ ಮನೆಗೆ ಬೈಕಿನಲ್ಲಿ ಮುಕ್ಕಾಲು ಗಂಟೆ ಬೇಕು. ಆ ಹೆಚ್ಚಿನ ಹದಿನೈದು ನಿಮಿಷಕ್ಕೆ ಹೆದರಿ ನಾನು ಜಿಮ್ಮಿನಲ್ಲೇ ಉಳಿದೆ.

ಆ ವರ್ಷ ಅಪ್ಪ ಊರಿನಲ್ಲಿದ್ದರು. ಗಲ್ಫಿಗೆ ಹೋದ ಮೇಲೆ ರಂಜಾನಿಗೆ ಅವರಿಗೆ ರಜೆ ಸಿಕ್ಕಿದ್ದು ಅದೇ ಮೊದಲು. ಸಂಜೆ ಮಸೀದಿಯ ಬಾಂಗ್ ಕೇಳಿದೊಡನೆ ನಾನು ಖರ್ಜೂರ ಬಾಯಿಗಿಟ್ಟು, ಪ್ರೋಟೀನ್ ಪುಡಿ ಕಲಸಿ ಕುಡಿಯುತ್ತಿದ್ದೆ. "ಸ್ವಲ್ಪ ನೋಡಿಕೊಳ್ತಾ ಇರು" ಎಂದು ತರಬೇತುದಾರ ಹಿಂದಿನ ಬೀದಿಯ ತನ್ನ ಮನೆಗೆ ಉಪವಾಸ ಬಿಡಲು ಹೋಗುತ್ತಿದ್ದ. ಉಳಿದವರು ಕಸರತ್ತು ಮಾಡುತ್ತಿರುವಾಗ ನಾನು ಅವನ ಕುರ್ಚಿಯಲ್ಲಿ ಕೂರುತ್ತಿದ್ದೆ.

ಮನೆಯಲ್ಲಿ ನನ್ನ ಪಾಲಿನ ಗಂಜಿ ತಟ್ಟೆ ಮುಚ್ಚಿಕೊಂಡು ತಣ್ಣಗಾಗುತ್ತಿತ್ತು. ಅಮ್ಮ ಗದರಿದರೆ ಅಪ್ಪನೇ ಅಡ್ಡ ಬರುತ್ತಿದ್ದರು. "ಬೈಬೇಡ. ಅರ್ಧ ಗಂಟೆಯೊಳಗೆ ತಿನ್ನಲೇಬೇಕಂತೆ ಅವನಿಗೆ." ಹಬ್ಬ ಮುಗಿಸಿ ಅವರು ವಿಮಾನ ಹತ್ತಿದರು. ಜಿಮ್ಮಿಗೆ ರಜೆಯಿದ್ದ ನಾಲ್ಕು ಭಾನುವಾರ ಬಿಟ್ಟರೆ ಒಂದು ಸಂಜೆಯೂ ನಾವು ಒಟ್ಟಿಗೆ ಉಪವಾಸ ಬಿಟ್ಟಿರಲಿಲ್ಲ.

ಕಳೆದ ತಿಂಗಳು ನೆಲ್ಯಾಡಿಯ ರಬ್ಬರ್ ತೋಟದವನೊಬ್ಬ ಜಿಮ್ಮಿಗೆ ಸೇರಿದ. ಮನೆ ಮುಟ್ಟುವಾಗ ಒಂದೂವರೆ ಗಂಟೆಯಾಗುತ್ತದೆ, ತಡವಾಗಿ ಉಂಡರೆ ತೊಂದರೆಯೇ ಎಂದು ತರಬೇತುದಾರನನ್ನು ಕೇಳಿದ.

"ಎಂತದೂ ಆಗುದಿಲ್ಲ ಮಾರಾಯ. ಮನೆಗೆ ಹೋಗಿ ಆರಾಮಲ್ಲಿ ಉಣ್ಣು. ಇಡೀ ದಿನ ಸರಿಯಾಗಿ ತಿನ್ನುದು, ನಿದ್ದೆ ಮಾಡುದು, ಅದೇ ಮುಖ್ಯ."

ನಾನು ಡಂಬೆಲ್ ಕೆಳಗಿಟ್ಟೆ. "ಹಾಗಾದ್ರೆ ನನಗೆ ಹೇಳಿದ ಅರ್ಧ ಗಂಟೆ?"

ಅವನು ನಕ್ಕ. "ರಂಜಾನಲ್ಲಿ ಜಿಮ್ ನೋಡಿಕೊಳ್ಳಲಿಕ್ಕೆ ಒಬ್ಬ ಬೇಕಿತ್ತಲ್ಲ. ನಿನಗೆ ಎಂತ ಲಾಸ್ ಆಯ್ತು? ತೋಳು ಬಂತಲ್ಲ?"

ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಇದೇ. ತಾನು ಮನೆಯಲ್ಲಿ ಬಿಸಿ ಗಂಜಿ ಕುಡಿದು ಬಂದು, ದಿನವೂ ನನ್ನ ಬೆನ್ನು ತಟ್ಟುತ್ತಿದ್ದನಲ್ಲ! ಅವತ್ತೇ ಆ ಜಿಮ್ಮು ಬಿಟ್ಟೆ. ಅಪ್ಪನಿಗೆ ಹೇಳಲಿಲ್ಲ.

ಮೊನ್ನೆ ವಿಡಿಯೋ ಕಾಲಿನಲ್ಲಿ ಅಪ್ಪ ತೋಳು ತೋರಿಸಲು ಹೇಳಿದರು. ತೋರಿಸಿದೆ. ಪಕ್ಕದಲ್ಲಿದ್ದ ಗೆಳೆಯರನ್ನೂ ಕರೆದು ತೋರಿಸಿದರು.

"ಹೊತ್ತಿಗೆ ಸರಿಯಾಗಿ ತಿಂತಾ ಇದ್ದೀಯಲ್ಲ?" ಎಂದು ಕೇಳಿದರು. "ಯಾರಿಗೂ ಕಾಯಬೇಡ. ಅರ್ಧ ಗಂಟೆ ಮೀರಬಾರದು."

ಹೂಂ ಎಂದೆ.